ಕೆಲಸ ಇದ್ದಾಗ ಮಾತ್ರ ಫೋನ್ ಮಾಡೋ ಗೆಳತಿಯರು

"ಏನಮ್ಮಾ, ಕೆಲಸ ಇದ್ದಾಗ ಮಾತ್ರ ನಮ್ಮ ನೆನಪಾಗುತ್ತೆ ಅಲ್ವಾ?"

ಹಳೇ ಕ್ಲಾಸ್‌ಮೇಟ್‌ಗೆ ಒಂದೆರಡು ವರ್ಷ ಬಿಟ್ಟು ಫೋನ್ ಮಾಡಿದ್ರೆ ಮೊದಲು ಕಿವಿಗೆ ಬೀಳೋ ಮಾತು ಇದು. ನಗ್ತಾನೇ ಹೇಳ್ತಾರೆ, ಆದ್ರೂ ಚುಚ್ಚುತ್ತೆ. ಈ ಮಾತಿಗೆ ಹೆದರಿಯೇ ಎಷ್ಟೋ ಜನ ಫೋನ್ ಕೈಗೆ ತಗೊಂಡು, ಹೆಸರು ಹುಡುಕಿ, ಮತ್ತೆ ಪಕ್ಕಕ್ಕಿಡ್ತಾರೆ. ಇಷ್ಟು ದಿನ ಮಾತಾಡಿಸದೆ ಈಗ ಏಕಾಏಕಿ ಕೆಲಸ ಹೇಗೆ ಹೇಳೋದು? ಮೊದಲು ಒಂದೆರಡು ಸಲ ಸುಮ್ನೆ ಮಾತಾಡಿಸೋಣ, ಆಮೇಲೆ ವಿಷಯ ತೆಗೆಯೋಣ ಅಂತ ಲೆಕ್ಕ ಹಾಕ್ತಾರೆ. ಆ ಒಂದೆರಡು ಸಲ ಯಾವತ್ತೂ ಬರೋದಿಲ್ಲ.

ನನ್ನ ವಾದ ಸ್ವಲ್ಪ ಉಲ್ಟಾ. ಕಾಲೇಜು ಮುಗಿದು ಇಷ್ಟು ವರ್ಷ ಆದ್ಮೇಲೂ ನನ್ನ ಜೊತೆ ಯಾರು ಉಳಿದಿದ್ದಾರೆ ಅಂತ ನೋಡಿದ್ರೆ, ಎಲ್ಲರೂ ಕೆಲಸ ಹೇಳೋರೇ. ಸಂಕೋಚ ಇಲ್ಲದೆ ಹೇಳೋರು, ನಾನು ಹೇಳಿದ್ರೆ ಗೊಣಗ್ತಾ ಮಾಡೋರು. ಬರ್ತ್‌ಡೇಗೆ ತಪ್ಪದೆ ಕೇಕ್ ಸ್ಟಿಕ್ಕರ್ ಕಳಿಸ್ತಿದ್ದವರಲ್ಲಿ ಅರ್ಧ ಜನ ಈಗ ಯಾವ ಊರಲ್ಲಿದ್ದಾರೆ ಅನ್ನೋದೇ ನನಗೆ ಗೊತ್ತಿಲ್ಲ.

ನಾವು 2012ರಲ್ಲಿ ಬಿ.ಇ. ಮುಗಿಸಿದ ಬ್ಯಾಚ್. ಹಾಸನದ ಕಡೆ ಒಂದು ಕಾಲೇಜು, ಹೆಸರು ಬೇಡ. ಹಾಸ್ಟೆಲ್‌ನಲ್ಲಿ ಒಂದೇ ಹೆಸರಿನವರು ಮೂರು ಮೂರು ಜನ ಇದ್ದಿದ್ರಿಂದ ಎಲ್ಲರಿಗೂ ಊರಿನ ಹೆಸರೇ ಗತಿ. ನಾನು ತಿಪಟೂರು. ನನ್ನ ರೂಮಿನಲ್ಲಿ ಇನ್ನು ಮೂವರು: ಶಿರಸಿ, ಗದಗ, ಕೋಲಾರ. ಮೆಸ್ಸಿನ ಅಣ್ಣ ಕೂಡ "ಗದಗಕ್ಕೆ ಇನ್ನೆರಡು ಚಪಾತಿ" ಅಂತಲೇ ಕೂಗ್ತಿದ್ದ. ಇವತ್ತಿಗೂ ನನ್ನ ಫೋನಲ್ಲಿ ಅವರ ನಂಬರು ಹಾಗೇ ಸೇವ್ ಆಗಿದೆ. ಮದುವೆಯಾದ ಹೊಸತರಲ್ಲಿ ಸ್ಕ್ರೀನ್ ಮೇಲೆ 'ಕೋಲಾರ' ಅಂತ ಬಂದಾಗ ನಮ್ಮ ಯಜಮಾನ್ರು ಯಾವುದೋ ಸರ್ಕಾರಿ ಆಫೀಸಿನ ಫೋನ್ ಅಂದ್ಕೊಂಡು ಗಾಬರಿಯಿಂದ ತಂದುಕೊಟ್ಟಿದ್ರು.

ಆ ನಾಲ್ಕು ವರ್ಷ ನಾವು ಒಬ್ಬರನ್ನೊಬ್ಬರು 'ಹೇಗಿದ್ದೀಯಾ' ಅಂತ ಕೇಳಿದ ನೆನಪೇ ಇಲ್ಲ. ಕೇಳಿದ್ದೆಲ್ಲ ಬೇರೆ. ಬಕೆಟ್ ಕೊಡೇ. ನನ್ನ ಲ್ಯಾಬ್ ರೆಕಾರ್ಡಿನ ಎರಡು ಪ್ರೋಗ್ರಾಂ ಬರೆದುಕೊಡೇ. ನಾಳೆ ಇಂಟರ್ನಲ್ಸು, ಐದು ಗಂಟೆಗೆ ಎಬ್ಬಿಸು, ಏಳದಿದ್ರೆ ನೀರು ಹಾಕು. ಶನಿವಾರದ ತನಕ ನೂರು ರೂಪಾಯಿ ಇದ್ಯಾ? ವಾರ್ಡನ್ ಕೇಳಿದ್ರೆ ತಲೆನೋವು ಅಂತ ಹೇಳು. ದಿನಕ್ಕೆ ಹತ್ತು ಸಲ ಬೇಡೋದು, ಹತ್ತು ಸಲ ಕೊಡೋದು. ಯಾರೂ ಲೆಕ್ಕ ಇಟ್ಟಿರಲಿಲ್ಲ. ಕೋಲಾರ ಮಾತ್ರ ಇಟ್ಟಿದ್ದಳು, ಅವಳು ಎಲ್ಲದಕ್ಕೂ ಲೆಕ್ಕ ಇಡೋಳು, ಆದ್ರೆ ವಸೂಲಿ ಮಾಡ್ತಿರಲಿಲ್ಲ.

ಅಮೆರಿಕದ ಕನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ ಅನ್ನೋ ಪ್ರೊಫೆಸರ್ 2018ರಲ್ಲಿ ಒಂದು ಲೆಕ್ಕ ಕೊಟ್ಟರು. ಪರಿಚಯದವರು ಸಾಧಾರಣ ಸ್ನೇಹಿತರಾಗೋಕೆ ಸುಮಾರು 50 ಗಂಟೆ ಜೊತೆಗಿರಬೇಕು, ಸ್ನೇಹಿತರು ಅನ್ನಿಸಿಕೊಳ್ಳೋಕೆ 90 ಗಂಟೆ, ಆಪ್ತರಾಗೋಕೆ 200 ಗಂಟೆಗೂ ಹೆಚ್ಚು. ಒಂದು ರೂಮಿನಲ್ಲಿ ನಾಲ್ಕು ಮಂಚ ಹಾಕಿಕೊಂಡು ಇರೋ ಹುಡುಗಿಯರಿಗೆ 200 ಗಂಟೆ ಅನ್ನೋದು ಒಂದು ತಿಂಗಳ ಮಾತು. ಈಗ ಅದೇ 200 ಗಂಟೆಯನ್ನ ವರ್ಷಕ್ಕೆ ಎರಡು ಸಲ, ಸಲಕ್ಕೆ ಮೂರು ಗಂಟೆ ಲೆಕ್ಕದಲ್ಲಿ ಸೇರಿಸೋಕೆ ಹೊರಟ್ರೆ ಮೂವತ್ಮೂರು ವರ್ಷ ಬೇಕು. ಆಫೀಸಿನಲ್ಲಿ, ಅಪಾರ್ಟ್‌ಮೆಂಟಿನಲ್ಲಿ ಹೊಸ ಸ್ನೇಹ ಯಾಕೆ ಅಷ್ಟು ಬೇಗ ಗಟ್ಟಿಯಾಗಲ್ಲ ಅಂತ ನೀವು ತಲೆ ಕೆಡಿಸಿಕೊಂಡಿದ್ರೆ ಉತ್ತರ ಇಲ್ಲೇ ಇದೆ. ಕಾಲೇಜಿನ ಗೆಳತಿಯರ ವಿಷಯದಲ್ಲಿ ಆ ಬಂಡವಾಳ ಆಗಲೇ ಹಾಕಿಯಾಗಿದೆ.

ಕಾಲೇಜು ಬಿಟ್ಟ ಮೇಲೆ ಸಂಪರ್ಕಕ್ಕೇನೂ ಬರ ಇರಲಿಲ್ಲ. ಸ್ಲ್ಯಾಮ್ ಬುಕ್ಕಿನಲ್ಲಿ ಲ್ಯಾಂಡ್‌ಲೈನ್ ನಂಬರ್ ಸಮೇತ ಬರೆದುಕೊಟ್ಟಿದ್ವಿ. ಎಸ್ಸೆಮ್ಮೆಸ್ ಪ್ಯಾಕ್ ಇತ್ತು. ಹಬ್ಬದ ದಿನ ಪ್ಯಾಕ್ ನಡೆಯಲ್ಲ, ದುಡ್ಡು ಕಟ್ಟಾಗುತ್ತೆ ಅಂತ ದೀಪಾವಳಿ ಶುಭಾಶಯ ಹಿಂದಿನ ರಾತ್ರಿಯೇ ಬರ್ತಿತ್ತು, ನಿಮಗೂ ನೆನಪಿರಬಹುದು. ಆರ್ಕುಟ್‌ನಲ್ಲಿ ಸ್ಕ್ರ್ಯಾಪ್ ಬರೀತಿದ್ವಿ, ಅದು 2014ರ ಸೆಪ್ಟೆಂಬರ್ 30ಕ್ಕೆ ಮುಚ್ಚಿಹೋಯ್ತು. ಅಷ್ಟರಲ್ಲಿ ಎಲ್ಲರೂ ಫೇಸ್‌ಬುಕ್ಕಿಗೆ ಬಂದಿದ್ವಿ. ಆಮೇಲೆ ವಾಟ್ಸಾಪ್ ಗ್ರೂಪು. ನಮ್ಮ ಸೆಕ್ಷನ್‌ನ ಅರವತ್ತು ಜನರಲ್ಲಿ ಐವತ್ತೆಂಟು ಜನ ಅದರಲ್ಲಿದ್ವಿ.

ಗ್ರೂಪಿನ ಬಗ್ಗೆ ನಾನು ಕೆಟ್ಟದ್ದು ಹೇಳೋಕೆ ಹೊರಟಿಲ್ಲ. ಅದು ಕಾಲೇಜಿನ ನೋಟಿಸ್ ಬೋರ್ಡ್ ಇದ್ದ ಹಾಗೆ. ಯಾರಿಗೆ ಮದುವೆ, ಯಾರಿಗೆ ಮಗು, ಯಾರಿಗೆ ಪ್ರಮೋಷನ್ನು, ಯಾರು ಫ್ಲ್ಯಾಟ್ ತಗೊಂಡ್ರು ಅಂತ ಅಲ್ಲಿ ಗೊತ್ತಾಗುತ್ತೆ. ಒಬ್ಬರು 'ಕಂಗ್ರಾಟ್ಸ್' ಅಂದ್ರೆ ಹಿಂದೆ ಮೂವತ್ತೆಂಟು ಕಂಗ್ರಾಟ್ಸ್. ನೋಟಿಸ್ ಬೋರ್ಡಿನ ಮುಂದೆ ನಿಂತು ಯಾರೂ ಕಷ್ಟ ಹೇಳಿಕೊಳ್ಳಲ್ಲ, ಅಷ್ಟೇ. ಬೋರ್ಡಿನಲ್ಲಿ ಕೆಲಸ ಕೇಳಿದ್ರೆ ಆಗೋದೂ ಕಮ್ಮಿ. ಶಿರಸಿ ಈಗ ಟೊರೊಂಟೊದಲ್ಲಿದ್ದಾಳೆ. ಅವಳ ಹಳೇ ಮಾರ್ಕ್ಸ್‌ಕಾರ್ಡುಗಳ ಮೇಲೆ ಕಾಲೇಜಿನ ಸಹಿ-ಸೀಲು ಬೇಕಾಗಿತ್ತು. "ಹಾಸನದಲ್ಲಿ ಯಾರಾದ್ರೂ ಇದ್ದೀರಾ?" ಅಂತ ಗ್ರೂಪಿನಲ್ಲಿ ಕೇಳಿದ್ಲು. ಐದು ಥಂಬ್ಸ್ ಅಪ್ ಬಂತು, ಎರಡು "ಶೂರ್ ನೋಡೋಣ" ಬಂತು, ಅದರ ಮೇಲೆ ಯಾರೋ ಗುಡ್ ಮಾರ್ನಿಂಗ್ ಹೂವು ಹಾಕಿದ್ರು, ವಿಷಯ ಮುಚ್ಚಿಹೋಯ್ತು. ಹತ್ತು ದಿನ ಆದ್ಮೇಲೆ ಅವಳು ಅರಸೀಕೆರೆಯಲ್ಲಿರೋ ಒಬ್ಬಳು ಹಳೇ ಬೆಂಚ್‌ಮೇಟ್‌ಗೆ ನೇರವಾಗಿ ಫೋನ್ ಮಾಡಿದ್ಲು. "ಮಾರಾಯ್ತಿ, ನಿನ್ನಿಂದ ಒಂದು ಕೆಲಸ ಆಗ್ಬೇಕು" ಅಂದ್ಲು. ಆ ಗೆಳತಿಗೂ ಗ್ರೂಪಿನ ಮೆಸೇಜ್ ಬಂದಿತ್ತು, ಅವಳೂ ಓದಿದ್ದಳು. ಐವತ್ತೆಂಟು ಜನರಿಗೆ ಹೇಳಿದ ಕೆಲಸ ಯಾರದ್ದೂ ಆಗಿರಲಿಲ್ಲ. ಹೆಸರು ಹಿಡಿದು ಕೇಳಿದ ಮೇಲೆ ರಜೆ ಹಾಕಿ ಹೋಗಿ ಮಾಡಿಸಿಕೊಟ್ಟಳು. ಆಮೇಲೆ ಆ ಇಬ್ಬರೂ ವಾರಕ್ಕೊಂದು ಸಲ ಮಾತಾಡೋಕೆ ಶುರು ಮಾಡಿದ್ರು. ಅಲ್ಲಿ ಬೆಳಗ್ಗೆ ಎಂಟು, ಇಲ್ಲಿ ಸಂಜೆ ಐದೂವರೆ, ಇವಳು ಸ್ಕೂಲ್ ಬಸ್ಸಿಗೆ ಕಾಯೋ ಹೊತ್ತು.

ಇನ್ನು ಕೋಲಾರದ ವಿಷಯ. ಅವಳನ್ನ ಕೇಳಿಯೇ ಬರೀತಿದ್ದೀನಿ. ಹೆಸರು, ಕಂಪನಿ ಹಾಕ್ಬೇಡ, ಮಿಕ್ಕಿದ್ದು ಬರ್ಕೋ ಅಂದಿದ್ದಾಳೆ.

2023ರಲ್ಲಿ ಎಷ್ಟು ಸಾಫ್ಟ್‌ವೇರ್ ಕಂಪನಿಗಳು ಜನರನ್ನ ಮನೆಗೆ ಕಳಿಸಿದ್ವು ಅನ್ನೋದು ನಿಮಗೆ ನಾನು ಹೇಳಬೇಕಾಗಿಲ್ಲ. ಆ ವರ್ಷ ಸೆಪ್ಟೆಂಬರ್‌ನಲ್ಲಿ ಅವಳ ಕೆಲಸ ಹೋಯ್ತು. ಹೆರಿಗೆ ರಜೆ ಮುಗಿಸಿ ವಾಪಸ್ ಹೋಗಿ ಆರು ತಿಂಗಳಾಗಿತ್ತು. ಒಂದು ವಿಡಿಯೋ ಕಾಲ್, ಹದಿನೈದು ನಿಮಿಷ, ಸಂಜೆ ಲ್ಯಾಪ್‌ಟಾಪ್ ತಗೊಂಡು ಹೋಗೋಕೆ ಹುಡುಗ ಬಂದ. ಮನೆ ಸಾಲದ ಕಂತು ಇತ್ತು, ಗಂಡನ ಸಂಬಳದಲ್ಲಿ ಹೇಗೋ ನಡೀತಿತ್ತು. ಊರಲ್ಲಿ ಅಪ್ಪನಿಗೆ ಹೇಳಿರಲಿಲ್ಲ. ಮಗಳ ಕಂಪನಿ ಹೆಸರನ್ನ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕವರಿಗೆಲ್ಲ ಹೇಳೋ ಅಪ್ಪ. ಅವರು ಫೋನ್ ಮಾಡಿದಾಗ ಇವಳು "ಮೀಟಿಂಗ್‌ನಲ್ಲಿದ್ದೀನಪ್ಪಾ" ಅಂತ ಹೇಳಿ ಇಡ್ತಿದ್ದಳಂತೆ.

ಗ್ರೂಪಿನಲ್ಲಿ ಅದೇ ಹೊತ್ತಿಗೆ ಒಬ್ಬನಿಗೆ ಜರ್ಮನಿಗೆ ವರ್ಗ, ಇನ್ನೊಬ್ಬಳಿಗೆ ಮ್ಯಾನೇಜರ್ ಪ್ರಮೋಷನ್. ಕಂಗ್ರಾಟ್ಸ್ ಹಾಕಿ ಹಾಕಿ ಸಾಕಾಗಿ ಒಂದು ರಾತ್ರಿ ಗ್ರೂಪ್ ಬಿಟ್ಟಳು. ವಾಟ್ಸಾಪ್‌ನವರು 2022ರ ಆಗಸ್ಟ್‌ನಲ್ಲೇ ಒಂದು ಸೌಲಭ್ಯ ತರ್ತೀವಿ ಅಂದಿದ್ರು. ಯಾರಾದ್ರೂ ಗ್ರೂಪ್ ಬಿಟ್ರೆ ಅಡ್ಮಿನ್‌ಗೆ ಮಾತ್ರ ಗೊತ್ತಾಗುತ್ತೆ, ಬೇರೆಯವರಿಗೆ ನೋಟಿಫಿಕೇಷನ್ ಬರಲ್ಲ. ಒಳ್ಳೇ ಉದ್ದೇಶಕ್ಕೇ ಮಾಡಿದ್ದು, ಬಿಡುವವರಿಗೆ ಮುಜುಗರ ಆಗಬಾರದು ಅಂತ. ನಮ್ಮ ಅಡ್ಮಿನ್ ಮಹಾಶಯ ಮೂರು ಆಫೀಸ್ ಗ್ರೂಪಿಗೂ ಎರಡು ಅಪಾರ್ಟ್‌ಮೆಂಟ್ ಗ್ರೂಪಿಗೂ ಅಡ್ಮಿನ್ನು. ಹೀಗಾಗಿ ಐವತ್ತೆಂಟು ಐವತ್ತೇಳಾಗಿದ್ದು ಯಾರ ಕಣ್ಣಿಗೂ ಬೀಳಲಿಲ್ಲ.

2024ರ ಮೇ ತಿಂಗಳಲ್ಲಿ ನಾನು ಅವಳಿಗೆ ಫೋನ್ ಮಾಡಿದೆ. ಸ್ನೇಹ ಉಕ್ಕಿ ಬಂದೇನಲ್ಲ. ಮಾವಿನಹಣ್ಣು ಬೇಕಾಗಿತ್ತು. ಅವಳ ಚಿಕ್ಕಪ್ಪನ ತೋಟ ಶ್ರೀನಿವಾಸಪುರದ ಹತ್ತಿರ. ನಮ್ಮ ಆಫೀಸಿನಲ್ಲಿ ನಾಲ್ಕೈದು ಜನ ಕಾರ್ಬೈಡ್ ಹಾಕದ ಬಾದಾಮಿ ಬೇಕು ಅಂತ ಪ್ರಾಣ ತಿಂತಿದ್ರು. ಮೊದಲ ಸಲ ತೆಗೀಲಿಲ್ಲ. ಎರಡನೇ ಸಲವೂ ಇಲ್ಲ. "ಲೇ ಕೋಲಾರ, ಆರು ಬಾಕ್ಸ್ ಬಾದಾಮಿ ಬೇಕು ಕಣೇ, ನಿಮ್ಮ ಚಿಕ್ಕಪ್ಪನ ತೋಟದ್ದು, ರೇಟ್ ಎಷ್ಟು ಹೇಳು" ಅಂತ ವಾಯ್ಸ್ ಮೆಸೇಜ್ ಹಾಕಿದೆ. ಹತ್ತೇ ನಿಮಿಷಕ್ಕೆ ವಾಪಸ್ ಫೋನ್ ಬಂತು.

ಅವತ್ತು ಅರ್ಧ ಗಂಟೆ ಮಾತಾಡಿದ್ದು ಬರೀ ಮಾವಿನಹಣ್ಣು. ಬಾದಾಮಿ ಈಗ ಬೇಡ, ಇನ್ನೊಂದು ವಾರ ತಡಿ, ಕಾಯಿ ಬಲೀಲಿ ಅಂದ್ಲು. ಮಲ್ಲಿಕಾ ಆಮೇಲೆ ಬರುತ್ತೆ, ಅದನ್ನೂ ಹೇಳಿಡು ಅಂದ್ಲು. ಪೇಪರ್ ಸುತ್ತಿ ಹುಲ್ಲಿನಲ್ಲಿಡ್ಬೇಕು, ಫ್ರಿಜ್ಜಿಗೆ ಹಾಕಿದ್ರೆ ನನ್ನ ಮುಖ ನೋಡ್ಬೇಡ ಅಂದ್ಲು. ಮಂಡಿ ರೇಟ್ ಇಷ್ಟು, ಬಾಕ್ಸಿಗೆ ಇಷ್ಟು, ಬಸ್ಸಿಗೆ ಇಷ್ಟು ಅಂತ ಹಳೇ ಲೆಕ್ಕದ ಕೋಲಾರ ಪೂರ್ತಿ ಹೊರಗೆ ಬಂದ್ಲು. ಆರು ಬಾಕ್ಸ್ ಹದಿನಾಲ್ಕಾಯ್ತು, ನಮ್ಮ ಟೀಮಿನವರೆಲ್ಲ ಸೇರಿಕೊಂಡ್ರು.

ಹಣ್ಣು ಬಂದು, ದುಡ್ಡು ಹೋಗಿ, ಎರಡು ಬಾಕ್ಸ್‌ನಲ್ಲಿ ನಾಲ್ಕು ಕೊಳೆತಿದ್ದಕ್ಕೆ ಅವಳೇ ಜಗಳ ಆಡಿ ದುಡ್ಡು ವಾಪಸ್ ಕೊಡಿಸಿ, ಮೂರನೆಯದೋ ನಾಲ್ಕನೆಯದೋ ಫೋನಿನಲ್ಲಿ ಅವಳು ಕೆಲಸದ ವಿಷಯ ಹೇಳಿದ್ದು. ಎಂಟು ತಿಂಗಳಾಗಿತ್ತು.

"ಯಾರ ಫೋನೂ ತೆಗೀತಿರ್ಲಿಲ್ಲ ಕಣೇ. ಎಲ್ಲರೂ ಮೊದಲು ಹೇಗಿದ್ದೀಯಾ ಅಂತಾರೆ. ಅದಕ್ಕೆ ಏನು ಹೇಳ್ಲಿ? ಚೆನ್ನಾಗಿದ್ದೀನಿ ಅಂದ್ರೆ ಸುಳ್ಳು, ಚೆನ್ನಾಗಿಲ್ಲ ಅಂದ್ರೆ ಒಂದು ಗಂಟೆ ಕಥೆ. ನೀನು ಮಾವಿನಹಣ್ಣು ಕೇಳಿದೆ ನೋಡು, ಅದಕ್ಕೆ ಉತ್ತರ ಗೊತ್ತಿತ್ತು."

ಈ ಮಾತು ನನ್ನ ತಲೆಯಲ್ಲಿ ಕೂತುಬಿಡ್ತು. ಕೆಲಸ ಕಳ್ಕೊಂಡವರಿಗೆ, ಡಿವೋರ್ಸ್ ನಡೀತಿರೋರಿಗೆ, ಮಗು ಆಗಲಿಲ್ಲ ಅಂತ ಆಸ್ಪತ್ರೆಗೆ ಓಡಾಡ್ತಿರೋರಿಗೆ 'ಹೇಗಿದ್ದೀಯಾ' ಅನ್ನೋದು ಔಟ್ ಆಫ್ ಸಿಲೆಬಸ್ ಪ್ರಶ್ನೆ. 'ನಿನ್ನಿಂದ ನಂಗೊಂದು ಸಹಾಯ ಆಗ್ಬೇಕು' ಅನ್ನೋದು ಗೊತ್ತಿರೋ ಪ್ರಶ್ನೆ. ತನ್ನ ಹತ್ರ ಕೊಡೋಕೆ ಏನೂ ಉಳಿದಿಲ್ಲ ಅಂದ್ಕೊಂಡು ಕೂತವಳಿಗೆ ಯಾರೋ ಬಂದು ಕೇಳ್ತಾರಲ್ಲ, ಅದು ಸಮಾಧಾನದ ಹತ್ತು ಮಾತಿಗಿಂತ ಹೆಚ್ಚು.

ಅವಳ ಒಪ್ಪಿಗೆ ತಗೊಂಡು ನಾನು ಒಬ್ಬಳಿಗೆ ಮಾತ್ರ ಹೇಳಿದೆ, ಗದಗಕ್ಕೆ. ಗದಗದ್ದು ಕನಿಕರದ ಭಾಷೆಯೇ ಬೇರೆ. ಫೋನ್ ಮಾಡಿ ಅವಳಂದಿದ್ದು ಎರಡೇ ಮಾತು: "ರೆಸ್ಯೂಮ್ ಕಳಸ್ ಮೊದಲ. ಅಳೂದು ಆಮ್ಯಾಲ ಅಳೂಣಂತ." ಆ ರೆಸ್ಯೂಮ್ ನೋಡಿ ಇಬ್ಬರೂ ಸೇರಿ ಕೆಂಪು ಪೆನ್ನು ಆಡಿಸಿದ್ವಿ. ಮಧ್ಯದ ಖಾಲಿ ತಿಂಗಳುಗಳನ್ನ ಮುಚ್ಚಿಡೋದು ಬೇಡ, ಒಂದು ಸಾಲಿನಲ್ಲಿ ಹೇಳಿಬಿಡು ಅಂತ ತೀರ್ಮಾನ ಆಯ್ತು. ಮೊದಲನೇ ರೆಫರಲ್‌ಗೆ ಉತ್ತರವೇ ಬರಲಿಲ್ಲ. ಎರಡನೆಯದರಲ್ಲಿ ಮೂರನೇ ರೌಂಡ್ ತನಕ ಹೋಗಿ ವಾಪಸ್ ಬಂದ್ಲು, ಅದು ಬಹಳ ನೋವು ಕೊಟ್ಟಿತು, ಎರಡು ವಾರ ಮತ್ತೆ ಫೋನ್ ತೆಗೀಲಿಲ್ಲ. ಕೊನೆಗೆ ಕೆಲಸ ಸಿಕ್ಕಿದ್ದು ನಾವು ಯಾರೂ ಎಣಿಸದ ಕಡೆಯಿಂದ. ಲಾಸ್ಟ್ ಬೆಂಚಿನ ಚಳ್ಳಕೆರೆ ಅಂತ ಒಬ್ಬ ಇದ್ದ, 2012ರ ಆಮೇಲೆ ನಮ್ಮಲ್ಲಿ ಯಾರೂ ಅವನ ಜೊತೆ ನಾಲ್ಕು ಮಾತು ಆಡಿರಲಿಲ್ಲ. ಮೈಸೂರಿನ ಒಂದು ಚಿಕ್ಕ ಕಂಪನಿಯಲ್ಲಿದ್ದ. ಗದಗ ಅವನನ್ನ ಹುಡುಕಿ ಹಿಡಿದಳು. "ನಮ್ಮಲ್ಲೇ ಒಂದು ಪೋಸ್ಟ್ ಖಾಲಿ ಇದೆ, ಇನ್ನೂ ಹೊರಗೆ ಹಾಕಿಲ್ಲ" ಅಂದ. ಸಂಬಳ ಮೊದಲಿಗಿಂತ ಕಡಿಮೆ, ಮನೆಯಿಂದ ಕೆಲಸ. ನವೆಂಬರ್‌ನಲ್ಲಿ ಸೇರಿದಳು.

ಇದೇನು ನಮ್ಮ ಅದೃಷ್ಟ ಮಾತ್ರ ಅಂದ್ಕೋಬೇಡಿ. ಮಾರ್ಕ್ ಗ್ರಾನೊವೆಟರ್ ಅನ್ನೋ ಅಮೆರಿಕದ ಸಮಾಜಶಾಸ್ತ್ರಜ್ಞ 1973ರಲ್ಲೇ ಬರೆದ ಒಂದು ಪ್ರಸಿದ್ಧ ಲೇಖನ ಇದೆ. ಬಾಸ್ಟನ್ ಪಕ್ಕದ ಊರೊಂದರಲ್ಲಿ, ಪರಿಚಯದವರ ಮೂಲಕ ಹೊಸ ಕೆಲಸ ಹಿಡಿದವರನ್ನ ಅವರು ವಿಚಾರಿಸಿದ್ರು: ಆ ಸುದ್ದಿ ಕೊಟ್ಟವರನ್ನ ಆಗ ನೀವು ಎಷ್ಟು ಸಲ ಭೇಟಿಯಾಗ್ತಿದ್ರಿ? ಆಗಾಗ ನೋಡ್ತಿದ್ವಿ ಅಂದವರು ನೂರಕ್ಕೆ 17ರಷ್ಟೂ ಇರಲಿಲ್ಲ. ಅಪರೂಪಕ್ಕೊಮ್ಮೆ ಅಂದವರು ಸುಮಾರು 56. ವರ್ಷಕ್ಕೆ ಒಂದು ಸಲ ಅಥವಾ ಅದಕ್ಕಿಂತ ಕಡಿಮೆ ಅಂದವರು ಸುಮಾರು 28. ಹಳೇ ಕಾಲೇಜು ಸ್ನೇಹಿತರನ್ನ ಅವರು ಉದಾಹರಣೆಯಾಗೇ ಹೆಸರಿಸಿದ್ದಾರೆ. ಕಾರಣ ಸರಳ. ದಿನಾ ಜೊತೆಗಿರೋರಿಗೆ ಗೊತ್ತಿರೋ ಸುದ್ದಿ ನಿಮಗೂ ಗೊತ್ತಿರುತ್ತೆ. ಚಳ್ಳಕೆರೆಗೆ ಗೊತ್ತಿರೋದು ನನಗೂ ಗದಗಕ್ಕೂ ಗೊತ್ತಿರೋಕೆ ಸಾಧ್ಯವೇ ಇಲ್ಲ.

ಕೇಳೋಕೆ ಹಿಂಜರಿಕೆ ಅನ್ನೋದೂ ಲೆಕ್ಕಕ್ಕೆ ಸಿಕ್ಕಿದೆ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಫ್ಲಿನ್ ಮತ್ತು ಲೇಕ್ ಅನ್ನೋ ಇಬ್ಬರು ಸಂಶೋಧಕರು 2008ರಲ್ಲಿ ಪ್ರಕಟಿಸಿದ್ದು. ವಿದ್ಯಾರ್ಥಿಗಳಿಗೆ ಒಂದು ಕೆಲಸ ಕೊಟ್ರು: ಅಪರಿಚಿತರ ಹತ್ರ ಹೋಗಿ ಒಂದು ಫಾರ್ಮ್ ತುಂಬಿಸಿಕೊಂಡು ಬನ್ನಿ, ಐದು ಜನ ಒಪ್ಪಬೇಕು. ಅದಕ್ಕೆ ಎಷ್ಟು ಜನರನ್ನ ಕೇಳಬೇಕಾಗಬಹುದು ಅಂದ್ರೆ ವಿದ್ಯಾರ್ಥಿಗಳು ಸರಾಸರಿ ಇಪ್ಪತ್ತು ಅಂದ್ರು. ನಿಜವಾಗಿ ಹತ್ತು-ಹನ್ನೊಂದು ಜನರನ್ನ ಕೇಳುವಷ್ಟರಲ್ಲಿ ಮುಗಿದಿತ್ತು. ಬೀದಿಯಲ್ಲಿ ಹೋಗೋ ಅಪರಿಚಿತರೇ ನಾವು ಎಣಿಸಿದ್ದಕ್ಕಿಂತ ಎರಡು ಪಾಲು ಒಳ್ಳೆಯವರು. ನಾಲ್ಕು ವರ್ಷ ನಿಮ್ಮ ಬಕೆಟ್ ಉಪಯೋಗಿಸಿದವಳು ಇಲ್ಲ ಅಂತಾಳಾ?

ಈ ವಿದ್ಯೆ ಹೊಸದೂ ಅಲ್ಲ. ನಮ್ಮಮ್ಮ ತುಮಕೂರಿನಲ್ಲಿ ಬಿ.ಎ. ಓದಿದ್ದು ಎಂಬತ್ತರ ದಶಕದಲ್ಲಿ. ಮನೆಯಲ್ಲಿ ಒಂದು ಗ್ರೂಪ್ ಫೋಟೋ ಇದೆ, ಆರು ಜನ ಹುಡುಗಿಯರು, ಎಲ್ಲರಿಗೂ ಎರಡು ಜಡೆ. ಡಿಗ್ರಿ ಮುಗಿದ ಎರಡು-ಮೂರು ವರ್ಷದಲ್ಲಿ ಎಲ್ಲರಿಗೂ ಮದುವೆ. ಊರು ಬದಲಾಯ್ತು, ವಿಳಾಸ ಬದಲಾಯ್ತು, ಕೆಲವರಿಗೆ ಗಂಡನ ಮನೆಯಲ್ಲಿ ಹೆಸರೂ ಬದಲಾಯ್ತು. ಗೆಳತಿಗೆ ಕಾಗದ ಬರೀತೀನಿ ಅಂದ್ರೆ 'ಯಾಕೆ, ಏನಿದೆ ಬರೆಯೋಕೆ' ಅಂತ ಕೇಳೋ ಅತ್ತೆಯರ ಕಾಲ ಅದು. ನಾಲ್ವರು ಎಲ್ಲಿದ್ದಾರೋ ಅಮ್ಮನಿಗೆ ಇವತ್ತಿಗೂ ಗೊತ್ತಿಲ್ಲ. ಉಳಿದವರು ಒಬ್ಬರೇ, ಪಾವಗಡದ ಕಡೆಯವರು. ನಮಗೆ ಅವರು ಪಾವಗಡದ ದೊಡ್ಡಮ್ಮ.

ಅವರು ಹೇಗೆ ಉಳಿದ್ರು? ಮದುವೆಯಾದ ವರ್ಷವೇ ಒಂದು ಇನ್‌ಲ್ಯಾಂಡ್ ಲೆಟರ್ ಬರೆದು "ನಿಮ್ಮೂರಲ್ಲಿ ಒಳ್ಳೇ ಕೊಬ್ಬರಿ ಸಿಗುತ್ತಂತಲ್ಲ, ಐದು ಸೇರು ಕಳಿಸೇ" ಅಂತ ಕೇಳಿದ್ರಂತೆ. ಕೊಬ್ಬರಿಗೆ ಯಾವ ಅತ್ತೆಯೂ ಬೇಡ ಅನ್ನಲ್ಲ. ಅಮ್ಮ ಬಸ್ಸಿನ ಕಂಡಕ್ಟರ್ ಕೈಲಿ ಚೀಲ ಕಳಿಸಿದ್ರು. ಅದೇ ಚೀಲದಲ್ಲಿ ಹುಣಸೇಹಣ್ಣು ವಾಪಸ್ ಬಂತು. ಆ ಚೀಲ ನಲವತ್ತು ವರ್ಷದಿಂದ ಓಡಾಡ್ತಿದೆ. ನಡುವೆ ನನ್ನ ಬಾಣಂತನಕ್ಕೆ ಅಂಟು ಬಂತು, ಅವರ ಮಗನ ಮದುವೆಗೆ ನಮ್ಮೂರಿಂದ ಅಡುಗೆ ಭಟ್ಟರು ಹೋದ್ರು. ನಾನು ಒಂದ್ಸಲ ಅಮ್ಮನ್ನ ಕೇಳಿದೆ, ಅವರೊಬ್ಬರೇ ಹೇಗೆ ಉಳಿದ್ರು ಅಂತ. ಅಮ್ಮ ಹುಣಸೇಹಣ್ಣಿನ ಬೀಜ ತೆಗೀತಾ, "ಅವಳು ಕೊಬ್ಬರಿ ಕೇಳದೆ ಹೋಗಿದ್ರೆ ನಾನು ಯಾವ ನೆಪಕ್ಕೆ ಕಾಗದ ಬರೀಲಿ?" ಅಂದ್ರು.

ನಮ್ಮ ಬ್ಯಾಚಿನ ಹುಡುಗಿಯರ ಸ್ಥಿತಿ ಅಷ್ಟು ಕಷ್ಟದ್ದಲ್ಲ, ನಂಬರ್ ಕೈಯಲ್ಲೇ ಇದೆ. ಆದ್ರೂ ಹುಡುಗರು ಶನಿವಾರ ಕ್ರಿಕೆಟ್ ಅಂತ ಸೇರೋ ಹಾಗೆ ನಾವು ಸೇರೋಕಾಗಲ್ಲ. ಮಗುವಿನ ನಿದ್ದೆ, ಮನೆಗೆ ಬಂದ ನೆಂಟರು, ಸೋಮವಾರದ ಟಿಫಿನ್ ಬಾಕ್ಸು. 'ಸುಮ್ನೆ ಮಾತಾಡೋಕೆ' ಅಂತ ಒಂದು ಗಂಟೆ ತೆಗೆದಿಡೋದು ನಮಗೆ ಐಷಾರಾಮ. ಕೆಲಸ ಇದ್ರೆ ಮಾತ್ರ ಫೋನಿಗೆ ಸಮಯ ಸಿಗುತ್ತೆ. ಹಾಗಿದ್ದ ಮೇಲೆ ಕೆಲಸವನ್ನೇ ಹುಡುಕಿಕೊಳ್ಳೋದು ವಾಸಿ.

ಇಷ್ಟು ಹೇಳಿದ ಮೇಲೆ ಎಲ್ಲ ಕೆಲಸವೂ ಒಂದೇ ಅಂತ ಅಲ್ಲ. ಪಾಲಿಸಿ ಮಾರೋರು, ಚೈನ್ ಸ್ಕೀಮಿಗೆ ಸೇರಿಸೋರು, 'ಡಿಯರ್ ಫ್ರೆಂಡ್' ಅಂತ ನೂರು ಜನರಿಗೆ ಒಂದೇ ಮೆಸೇಜ್ ತಳ್ಳೋರು ಇದ್ದಾರೆ. ಅವರು ಕೇಳ್ತಿರೋದು ನಿಮ್ಮನ್ನಲ್ಲ, ಯಾರಾದ್ರೂ ಆಗುತ್ತೆ. ಅಂಥ ಮೆಸೇಜಿಗೆ ಉತ್ತರ ಕೊಡದಿದ್ರೆ ಪಾಪ ಬರಲ್ಲ. ದುಡ್ಡಿನ ವಿಷಯದಲ್ಲಿ ನನ್ನದೊಂದು ಲೆಕ್ಕ ಇದೆ: ವಾಪಸ್ ಬರದಿದ್ರೂ ಸ್ನೇಹ ಕೆಡದಷ್ಟು ಮೊತ್ತವಾದ್ರೆ ಕೊಡ್ತೀನಿ, ಅದಕ್ಕಿಂತ ಹೆಚ್ಚಾದ್ರೆ ಆಗಲ್ಲ ಅಂತ ಅವತ್ತೇ ಹೇಳ್ತೀನಿ. ಇಲ್ಲ ಅನ್ನೋದನ್ನ ಬೇಗ ಹೇಳೋದು ದೊಡ್ಡ ಉಪಕಾರ. 'ನೋಡ್ತೀನಿ, ಟ್ರೈ ಮಾಡ್ತೀನಿ' ಅಂತ ಎರಡು ತಿಂಗಳು ಕಾಯಿಸೋರಿಗಿಂತ "ನಮ್ಮ ಕಂಪನಿಯಲ್ಲಿ ಈಗ ಯಾರನ್ನೂ ತಗೊಳ್ತಿಲ್ಲ ಕಣೋ" ಅಂತ ಒಂದೇ ದಿನದಲ್ಲಿ ಹೇಳೋರು ಹತ್ತು ಪಾಲು ಮೇಲು. ಕೇಳಿದವರಿಗೂ ಅಷ್ಟೇ, ಇಲ್ಲ ಅಂದಾಗ ಮುಖ ಊದಿಸಿಕೊಳ್ಳೋ ಹಕ್ಕಿಲ್ಲ.

ಇನ್ನೊಂದು ಬೇಡಿಕೆ. ದಯವಿಟ್ಟು ಬರೀ 'ಹಾಯ್' ಅಂತ ಕಳಿಸಿ ಕೂರಬೇಡಿ. ಆರು ವರ್ಷ ಆದ್ಮೇಲೆ ಬಂದ ಒಂಟಿ 'ಹಾಯ್' ನೋಡಿದ್ರೆ ಎದುರಿನವರಿಗೆ ಎದೆ ಧಸಕ್ ಅನ್ನುತ್ತೆ. ಮದುವೆ ಪತ್ರಿಕೆಯೋ, ಸಾಲವೋ, ಹ್ಯಾಕ್ ಆಗಿದೆಯೋ? "ಲೇ, ಮುಂದಿನ ವಾರ ಹುಬ್ಬಳ್ಳಿಗೆ ಬರ್ತಿದ್ದೀನಿ, ಸ್ಟೇಷನ್ ಹತ್ರ ಒಳ್ಳೇ ಜೋಳದ ರೊಟ್ಟಿ ಖಾನಾವಳಿ ಯಾವುದು ಹೇಳು" ಅಂತ ಹಾಕಿ ನೋಡಿ. ಖಾನಾವಳಿ ಹೆಸರು ಬರುತ್ತೆ, ಅದರ ಹಿಂದೆ "ಖಾನಾವಳಿ ಯಾಕ, ಮನಿಗೇ ಬಾ" ಅಂತಲೂ ಬರುತ್ತೆ. ಹೀಗೆ ಕೇಳಿಯೇ ನಾನು ಗದಗದ ಅತ್ತೆ ಮಾಡಿದ ಎಣ್ಣೆಗಾಯಿ ತಿಂದಿದ್ದು.

ಕೆಲವರು ಕೇಳಬಹುದು, ರೀಯೂನಿಯನ್ ಮಾಡಿದ್ರೆ ಸಾಕಲ್ವಾ? ನಾವೂ ಮಾಡಿದ್ವಿ, 2022ರಲ್ಲಿ, ಹತ್ತು ವರ್ಷ ಆಯ್ತು ಅಂತ, ಚಿಕ್ಕಮಗಳೂರಿನ ಹತ್ರ ರೆಸಾರ್ಟಿನಲ್ಲಿ. ತಲೆಗೆ 4,500 ರೂಪಾಯಿ. ಬಂದವರು ಹತ್ತೊಂಬತ್ತು ಜನ. ಫೋಟೋ ಚೆನ್ನಾಗಿ ಬಂದಿವೆ. ಊರಲ್ಲಿ ಟ್ಯೂಷನ್ ಹೇಳಿಕೊಡ್ತಿರೋಳು, ಗೆಸ್ಟ್ ಲೆಕ್ಚರರ್ ಆಗಿರೋನು, ಮೂರು ಸಲ ಕೆಎಎಸ್ ಬರೆದು ಕೈಬಿಟ್ಟೋನು ಇವರಲ್ಲಿ ಯಾರೂ ಬರಲಿಲ್ಲ. ಎಲ್ಲರೂ 'ಡೇಟ್ ಆಗ್ತಿಲ್ಲ' ಅಂದಿದ್ರು. 4,500 ಆಗ್ತಿಲ್ಲ ಅಂತ ಯಾರು ಹೇಳ್ತಾರೆ? ಮುಂದಿನ ಸಲ ಕಾಲೇಜಿನ ಹತ್ತಿರ ಇರೋ ದೋಸೆ ಹೋಟೆಲಲ್ಲೇ ಸೇರೋಣ ಅಂತ ಗದಗ ಗ್ರೂಪಿನಲ್ಲಿ ಹಾಕಿದ್ದಾಳೆ. ಹನ್ನೊಂದು ಥಂಬ್ಸ್ ಅಪ್ ಬಂದಿದೆ. ಥಂಬ್ಸ್ ಅಪ್ ನಂಬೋಕಾಗಲ್ಲ ಅಂತ ಅವಳು ಈಗ ಒಬ್ಬೊಬ್ಬರಿಗೇ ಫೋನ್ ಮಾಡಿ ಕೆಲಸ ಹಂಚ್ತಿದ್ದಾಳೆ. ಗೆಸ್ಟ್ ಲೆಕ್ಚರರ್‌ಗೆ ಹಳೇ ಮೇಷ್ಟ್ರುಗಳನ್ನ ಕರೆಯೋ ಜವಾಬ್ದಾರಿ ಬಿದ್ದಿದೆ. ಅವನು ಇಬ್ಬರನ್ನ ಒಪ್ಪಿಸಿಯೂ ಆಗಿದೆ.

ಕೋಲಾರ ಗ್ರೂಪಿಗೆ ವಾಪಸ್ ಬಂದಿಲ್ಲ. ಬರೋದೂ ಇಲ್ಲ ಅಂದಿದ್ದಾಳೆ, "ಯಾರಿಗೆ ಬೇಕೇ ಆ ಗುಡ್ ಮಾರ್ನಿಂಗ್ ಹೂವು" ಅಂತ. ಅಪ್ಪನಿಗೆ ವಿಷಯ ಹೇಳಿದ್ಲು, ಹೊಸ ಕೆಲಸಕ್ಕೆ ಸೇರಿದ ಮೇಲೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮುಂಚೇನೇ ಹೇಳಿದ್ರೆ ಮಾವಿನ ದುಡ್ಡಾದ್ರೂ ಕಳಿಸ್ತಿದ್ದೆ" ಅಂದ್ರಂತೆ. ಈಗ ಪ್ರತಿ ಬೇಸಿಗೆಯಲ್ಲೂ ನಮ್ಮ ಆಫೀಸಿನ ಮಾವಿನ ಆರ್ಡರ್ ಅವಳ ಕೈಲಿ. ಲೆಕ್ಕ ಒಂದು ರೂಪಾಯಿ ಆಚೀಚೆ ಆಗಲ್ಲ.

ನನ್ನ ಫೋನಲ್ಲಿ ಈ ವಾರದ ಬಾಕಿ ಮೂರಿದೆ. ಚಳ್ಳಕೆರೆಗೆ ಮಗಳ ಸೈನ್ಸ್ ಪ್ರಾಜೆಕ್ಟಿಗೆ ತೆಂಗಿನ ನಾರು ಬೇಕಂತೆ, ತಿಪಟೂರಿನವಳು ಅಂದ್ರೆ ಇದಕ್ಕೂ ನಾನೇ. ಗದಗ ಬ್ಯಾಡಗಿ ಮೆಣಸಿನಕಾಯಿ ಬಸ್ಸಿಗೆ ಹಾಕಿದ್ದಾಳೆ, ನಾಲ್ಕು ಮನೆಗೆ ಹಂಚಬೇಕು. ಶಿರಸಿಯ ಅಮ್ಮ ಕಣ್ಣಿನ ಪೊರೆ ತೆಗೆಸೋಕೆ ಬೆಂಗಳೂರಿಗೆ ಬರ್ತಿದ್ದಾರೆ. ಟೊರೊಂಟೊದಿಂದ ಅವಳು ಏನು ಮಾಡೋಕಾಗುತ್ತೆ? ಶನಿವಾರ ನಾನೇ ಕರ್ಕೊಂಡು ಹೋಗ್ತೀನಿ. ಟೋಕನ್ ಬೆಳಗ್ಗೆ ಏಳಕ್ಕೇ ಕೊಡ್ತಾರಂತೆ, ಆರಕ್ಕೆ ಮನೆ ಬಿಡಬೇಕು.